ಎಡಿತಳ ಆಲ್ಬಮ್ಮಿಗೆ ನೀವು ಸೇರಿಸಿದ ಪುಟ

ಶೇಖರಣ್ಣನಿಗೆ,

ನೀವು ಹೋಗಿ ಒಂದು ವರ್ಷ ಎರಡು ತಿಂಗಳಾಯಿತು. ಪಡುಬಿದ್ರಿಯಲ್ಲಿ ವರ್ಷಾಂತಿಕ ಮುಗಿದ ಸುದ್ದಿಯನ್ನು ಸುಮತಿ ಅತ್ತಿಗೆ ಫೋನಿನಲ್ಲಿ ಹೇಳಿದರು. ನನಗೆ ರಜೆ ಸಿಗಲಿಲ್ಲ. ಸಿಗಲಿಲ್ಲ ಎನ್ನುವುದಕ್ಕಿಂತ, ನಾನು ಕೇಳಲಿಲ್ಲ ಎನ್ನುವುದು ಸರಿ. ಇವತ್ತು ಶುಕ್ರವಾರ. ದೋಹಾದ ಅಲ್ ಥುಮಾಮಾದಲ್ಲಿರುವ ನಮ್ಮ ಫ್ಲಾಟಿನ ಕಿಟಕಿಯಾಚೆ ಬೆಳಿಗ್ಗೆಯಿಂದ ಧೂಳೆದ್ದಿದೆ, ಎದುರಿನ ಮಸೀದಿಯ ಮಿನಾರು ಅರ್ಧ ಮಾತ್ರ ಕಾಣುತ್ತಿದೆ. ನಿಮಗೆ ತಿಳಿಸಬೇಕಾದ ವಿಷಯವನ್ನು ಒಂದೇ ಸಾಲಿನಲ್ಲಿ ಬರೆಯಬಹುದಿತ್ತು: ಆಲ್ಬಮ್ ಅದರ ಊರಿಗೆ ಹೋಗಿ ಮುಟ್ಟಿತು. ಆದರೆ ಅದಕ್ಕೆ ಅಂಟಿಕೊಂಡು ಇನ್ನೊಂದು ಮಾತಿದೆ. ಅದನ್ನು ನೀವಿರುವಾಗಲೇ ಹೇಳಬೇಕಿತ್ತು.

ಆ ಆಲ್ಬಮ್ಮನ್ನು ನೀವು ನನಗೆ ಮೊದಲ ಸಲ ತೋರಿಸಿದ ದಿನ ನಾನು ಕಂಪೆನಿಗೆ ಸೇರಿ ತಿಂಗಳೂ ಆಗಿರಲಿಲ್ಲ. ನೀವು ಡ್ರಾಫ್ಟ್ಸ್‌ಮನ್, ಪೈಪ್‌ಲೈನಿನ ನಕ್ಷೆ ಬರೆಯುವವರು. ನಾನು ಡಾಕ್ಯುಮೆಂಟ್ ಕಂಟ್ರೋಲರ್, ಆ ನಕ್ಷೆಗಳಿಗೆ ನಂಬರು ಹಾಕಿ ಫೈಲು ಮಾಡುವವನು. ಊರು ಹತ್ತಿರ, ಮನೆಮಾತು ಒಂದೇ ಎಂದು ಗೊತ್ತಾದ ಮೇಲೆ ಶುಕ್ರವಾರ ಊಟಕ್ಕೆ ಬಾ ಎಂದಿರಿ. ನಜ್ಮಾ ಬಡಾವಣೆಯಲ್ಲಿ ಟೈಲರ್ ಅಂಗಡಿಯ ಮೇಲಿನ ಕೋಣೆ, ನಾಲ್ಕು ಮಂಚ. ಊಟವಾದ ಮೇಲೆ ನಿಮ್ಮ ಮಂಚದ ಕೆಳಗಿನ ಟ್ರಂಕಿನಿಂದ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ಗಂಟು ತೆಗೆದಿರಿ. ನಾನು ಕೈ ಚಾಚಿದರೆ, ಮೊದಲು ಸೋಪು ಹಾಕಿ ಕೈ ತೊಳೆದುಕೊಂಡು ಬರಲು ಹೇಳಿದಿರಿ. ಆಮೇಲೂ ಪುಟ ತಿರುಗಿಸಲು ಬಿಡಲಿಲ್ಲ, ನೀವೇ ತಿರುಗಿಸಿದಿರಿ.

ಅದು ನಿಮ್ಮ ಕೈಗೆ ಬಂದ ಕತೆಯನ್ನೂ ಆವತ್ತೇ ಹೇಳಿದ್ದಿರಿ. ನಮ್ಮ ಕಂಪೆನಿಯಲ್ಲಿ ಸರ್ವೇಯರ್ ಆಗಿದ್ದ ಮಿಸ್ಟರ್ ಗ್ರೆಗ್ ನಿವೃತ್ತಿಯಾಗಿ ಆಸ್ಟ್ರೇಲಿಯಾಕ್ಕೆ ಹೊರಟಾಗ ಕೊಟ್ಟದ್ದು. ಅವರ ಅಜ್ಜಿಯ ಅಕ್ಕ ಎಡಿತ್ ಎಂಬವರ ಆಲ್ಬಮ್. ವಾಪಸು ಒಯ್ದರೆ ಮನೆಯಲ್ಲಿ ಬಿಡಿಸಿ ನೋಡುವವರೂ ಇಲ್ಲ, ನೀನಾದರೆ ನೋಡುತ್ತೀಯ ಎಂದು ಕೊಟ್ಟರಂತೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಲ್ಲಿನ ವಿಕ್ಟೋರಿಯಾ ರಾಜ್ಯದ ಒಂದು ಸಣ್ಣ ಊರಿನ ಪೋಸ್ಟ್ ಮಾಸ್ಟರರ ಮಗಳು ಆಕೆ. ಮದುವೆಯಾಗಲಿಲ್ಲ. ಫೋಟೋ ತೆಗೆಯುವುದು ಹೊಟ್ಟೆಪಾಡಲ್ಲ, ಹುಚ್ಚು. ಆ ಕಾಲದಲ್ಲಿ ಅಲ್ಲಿ ಅಂಥವರು ತುಂಬ ಇದ್ದರು ಎಂದಿರಿ. ಬ್ಯಾಂಕಿನ ಗುಮಾಸ್ತರು, ಮೇಷ್ಟ್ರುಗಳು, ಮನೆವಾರ್ತೆಯ ಹೆಂಗಸರು. ರಜೆಯ ದಿನ ಮಡಚುವ ಕ್ಯಾಮೆರಾ ಹಿಡಿದು ಹೊರಟು, ಸಂಜೆ ಬಟ್ಟೆ ಒಗೆಯುವ ಕೋಣೆಯನ್ನು ಕತ್ತಲು ಮಾಡಿ ಪ್ರಿಂಟು ಹಾಕುವವರು. ಫೋಟೋ ಬರೀ ದಾಖಲೆಯಾದರೆ ಸಾಲದು, ಕುಂಚದಿಂದ ಬರೆದ ಚಿತ್ರದ ಹಾಗೆ ಮೆತ್ತಗೆ, ಮಂಜುಮಂಜಾಗಿ ಇರಬೇಕು ಎಂಬ ಹಟದವರು.

ಎರಡನೆಯ ಪುಟದಲ್ಲಿ ಕುರಿಮಂದೆ ಎಬ್ಬಿಸಿದ ಧೂಳಿನೊಳಗೆ ಸೂರ್ಯ. ಆಮೇಲೆ ನೀಲಗಿರಿ ಮರದ ಬೊಡ್ಡೆ, ಒಣಗಲು ಹಾಕಿದ ಹಾಸಿನ ಹಿಂದೆ ಒಬ್ಬ ಹೆಂಗಸಿನ ನೆರಳು. ಪ್ರತಿ ಚಿತ್ರದ ಕೆಳಗೂ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ನಾಲ್ಕು ಸಾಲು. ಆಕೆ ತಿಂಗಳಿಗೊಂದು ಪ್ರಿಂಟನ್ನು ಒಂದು ಫೋಟೋಗ್ರಫಿ ಪತ್ರಿಕೆಯ ಸ್ಪರ್ಧೆಗೆ ಕಳಿಸುತ್ತಿದ್ದಳು. ಅಲ್ಲಿನ ವಿಮರ್ಶಕ, ಹೆಸರಿಲ್ಲ, ಬರೀ ಒಂದು ಅಕ್ಷರದ ಸಹಿ, ಪ್ರತಿ ಸಲವೂ ತಳ್ಳಿಹಾಕುತ್ತಿದ್ದ. ಮಬ್ಬು ಜಾಸ್ತಿ, ನಮ್ಮ ದೇಶದಲ್ಲಿ ಇಷ್ಟು ಬಿಸಿಲಿರುವಾಗ ಇಂಗ್ಲೆಂಡಿನ ಮಂಜನ್ನು ಸಾಲ ತರುವುದೇಕೆ, ಹೀಗೆ. ನೀವು ಬೆರಳಿಟ್ಟು ಓದಿ ಹೇಳಿದಿರಿ.

“ಹೊಗಳಿದ್ದನ್ನು ಯಾರು ಬೇಕಾದ್ರೂ ಅಂಟಿಸ್ತಾರೆ ಮಾರಾಯ. ಇವಳು ಬೈದದ್ದನ್ನು ಅಂಟಿಸಿದ್ದಾಳೆ ನೋಡು.”

ನಾನು ಚೆನ್ನಾಗಿದೆ ಎಂದೆ. ನಿಜ ಹೇಳಬೇಕೆಂದರೆ ನನಗೆ ಮಾಸಿದ ಹಳೆಯ ಕಾಗದ ಬಿಟ್ಟು ಬೇರೇನೂ ಕಂಡಿರಲಿಲ್ಲ.

ಬಾತ್‌ರೂಮನ್ನು ಕತ್ತಲು ಮಾಡಿಕೊಂಡು ನೀವು ನಡೆಸುತ್ತಿದ್ದ ಪ್ರಯೋಗಗಳನ್ನು ಕುಂಞುಮೋನ್ ಈಗಲೂ ನೆನೆಸಿಕೊಳ್ಳುತ್ತಾನೆ. ಪಕ್ಕದ ಮಂಚದ ಆ ಮಲಯಾಳಿ, ಮೂರು ಶುಕ್ರವಾರಕ್ಕೊಮ್ಮೆ ಸ್ನಾನವಿಲ್ಲದೆ ಪ್ರಾರ್ಥನೆಗೆ ಹೋಗಬೇಕಾಗುತ್ತಿತ್ತು ಎಂದು ದೂರುತ್ತಾನೆ. ಬೀದಿಯ ಕೊನೆಯ ಸ್ಟುಡಿಯೋ ಮುಚ್ಚಿದಾಗ ಚಿತ್ರ ಹಿಗ್ಗಿಸುವ ಅವರ ಎನ್‌ಲಾರ್ಜರನ್ನೂ ಉಳಿದ ಔಷಧಿ ಬಾಟಲಿಗಳನ್ನೂ ನೀವು ಹೊತ್ತು ತಂದಿದ್ದಿರಿ. ಎಡಿತಳ ಕಾಲದವರು ಬ್ರೋಮಾಯಿಲ್ ಎನ್ನುತ್ತಿದ್ದ ಕೆಲಸವನ್ನು ಕಲಿಯುವುದು ನಿಮ್ಮ ಆಸೆ. ಪ್ರಿಂಟು ಹಾಕಿ, ಅದರ ಕಪ್ಪನ್ನೆಲ್ಲ ಔಷಧಿಯಲ್ಲಿ ತೊಳೆದು, ಕಾಗದವನ್ನು ನೀರಲ್ಲಿ ನೆನೆಸಿ, ಮತ್ತೆ ಕೈಯಿಂದಲೇ ಮಸಿ ತುಂಬುವುದು. ನೀರು ಕುಡಿದ ಜಾಗ ಎಣ್ಣೆಮಸಿಯನ್ನು ಹತ್ತಿರ ಸೇರಿಸುವುದಿಲ್ಲ, ಕುಡಿಯದ ಜಾಗ ಹಿಡಿದುಕೊಳ್ಳುತ್ತದೆ. ಶೇವಿಂಗ್ ಬ್ರಷ್ಷಿನ ಕೂದಲನ್ನು ಓರೆಯಾಗಿ ಕತ್ತರಿಸಿಕೊಂಡಿರಿ, ಪ್ರಿಂಟಿಂಗ್ ಪ್ರೆಸ್ಸಿನವನಿಂದ ಗಟ್ಟಿ ಮಸಿ ತಂದಿರಿ. ಎರಡು ವರ್ಷ ಬಂದದ್ದೆಲ್ಲ ಕೆಸರು. ನಾನು ನಗುತ್ತಿದ್ದೆ. ನೀವೂ ನಗುತ್ತಿದ್ದಿರಿ.

ಅಲ್ ಹಿಲಾಲ್ ರಸ್ತೆಯಲ್ಲಿ ಆ ಜನವರಿಯ ಬೆಳಿಗ್ಗೆ ಕಾರು ಓಡಿಸುತ್ತಿದ್ದವನು ನಾನು. ದೋಹಾದಲ್ಲಿ ವರ್ಷಕ್ಕೆ ನಾಲ್ಕೈದು ದಿನ ಬೀಳುವ ಮಂಜು, ಮುಂದಿನ ಗಾಡಿಯ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ನಿಲ್ಲಿಸು ಎಂದಿರಿ. ರಸ್ತೆಯಾಚೆ ಕಂಪೆನಿ ಬಸ್ಸಿಗೆ ಕಾಯುತ್ತ ಹದಿನೈದಿಪ್ಪತ್ತು ಜನ ಸಾಲಾಗಿ ನಿಂತಿದ್ದರು, ಕೈಯಲ್ಲಿ ಊಟದ ಕ್ಯಾರಿಯರ್. ಒಬ್ಬನಿಗಿಂತ ಅವನ ಹಿಂದಿನವನು ತೆಳು, ಅವನಿಗಿಂತ ಆಚೆಯವನು ಇನ್ನೂ ತೆಳು, ಕೊನೆಯವನು ಇದ್ದಾನೋ ಇಲ್ಲವೋ ಎಂಬ ಹಾಗೆ. ನಾನೂ ಇಳಿದು ನನ್ನ ಹೊಸ ದೊಡ್ಡ ಕ್ಯಾಮೆರಾದಲ್ಲಿ ಮೂವತ್ತು ನಲವತ್ತು ಸಲ ಒತ್ತಿದೆ. ನೀವು ಆ ಹಳೆಯ ರೀಲಿನ ಕ್ಯಾಮೆರಾದಲ್ಲಿ ತೆಗೆದದ್ದು ಒಂದೇ. ಅಷ್ಟರಲ್ಲಿ ಬಸ್ಸು ಬಂತು. ನನ್ನ ನಲವತ್ತರಲ್ಲಿ ಜನ ಇದ್ದರು, ಮಂಜು ಇತ್ತು, ಬೇರೇನೂ ಇರಲಿಲ್ಲ.

ಅದೇ ವರ್ಷ ನಮ್ಮ ಊರಕಡೆಯವರ ಸಂಘ ಫೋಟೋ ಪ್ರದರ್ಶನ ಇಟ್ಟದ್ದು ನಿಮಗೆ ಮರೆತಿರಲಾರದು. ಬಂದ ಚಿತ್ರಗಳ ಹಿಂದಿನ ಹೆಸರು ಮುಚ್ಚಿ ಮೂವರು ಆರಿಸಬೇಕು. ಆ ಮೂವರು ಯಾರೆಂದು ಹೊರಗೆ ಹೇಳುವಂತಿಲ್ಲ. ಒಬ್ಬರು ಡಾಕ್ಟರು, ಇನ್ನೊಬ್ಬರು ಬ್ಯಾಂಕಿನಲ್ಲಿರುವ ಶಿರ್ವದ ಲವೀನಾ. ಮೂರನೆಯವನು ನಾನು, ಶೇಖರಣ್ಣ. ನಿಮ್ಮ ಆ ಮಂಜಿನ ಚಿತ್ರ ಮೇಜಿನ ಮೇಲಿತ್ತು. ಬ್ರಷ್ಷಿನಿಂದ ಮಸಿ ತುಂಬಿದ ಪ್ರಿಂಟು ದೋಹಾದಲ್ಲಿ ಇನ್ಯಾರದ್ದು? ಹೆಸರು ಮುಚ್ಚಿದ್ದು ಉಳಿದಿಬ್ಬರಿಗೆ ಮಾತ್ರ. ಲವೀನಾ ಅದರ ಮುಂದೆ ತುಂಬ ಹೊತ್ತು ನಿಂತರು. ಕುವೈತಿನಲ್ಲಿ ದುಡಿಯುತ್ತಿದ್ದ ತನ್ನ ಡ್ಯಾಡಿ ಇಂಥದ್ದೇ ಸಾಲಿನಲ್ಲಿ ನಿಂತಿರಬೇಕು ಎಂದರು. ಡಾಕ್ಟರು ಇದು ಇರಲಿ ಎಂದರು. ಬೇಡ ಎಂದು ವಾದ ಮಾಡಿದವನು ನಾನು. ನನಗೆ ಫೋಟೋ ಹೆಚ್ಚು ಗೊತ್ತು ಎಂದು ನಂಬಿದ್ದ ಅವರಿಬ್ಬರೂ ಒಪ್ಪಿದರು.

ತಿರಸ್ಕರಿಸಿದ ಚಿತ್ರವನ್ನು ವಾಪಸು ಕಳಿಸುವಾಗ ಜೊತೆಗೆ ಕಾರಣ ಬರೆದ ಚೀಟಿ ಇಡಬೇಕಿತ್ತು. ನಾನೇ ಬರೆದೆ, ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ. ಫೋಕಸ್ ಇಲ್ಲ, ಹಳೆಯ ಕಾಲದ ಕ್ರಮ, ಇಷ್ಟು ಬೆಳಕಿರುವ ದೇಶದಲ್ಲಿ ಮಂಜು ಯಾಕೆ. ಎಡಿತಳ ಆ ಒಂದಕ್ಷರದ ವಿಮರ್ಶಕ ಬರೆದದ್ದನ್ನೇ ಬರೆಯುತ್ತಿದ್ದೇನೆ ಎಂದು ಆಗ ಹೊಳೆಯಲಿಲ್ಲ. ಯಾಕೆ ಹಾಗೆ ಮಾಡಿದೆ ಎಂದರೆ... ಪಕ್ಷಪಾತ ಆದೀತು ಎಂದು ಹೆದರಿದೆ ಅಂತ ಕೆಲವು ದಿನ ನನಗೆ ನಾನೇ ಹೇಳಿಕೊಂಡೆ. ಅದಲ್ಲ. ಅದೇ ಬೆಳಿಗ್ಗೆ, ಅದೇ ಜಾಗದಲ್ಲಿ, ನಿಮ್ಮ ಪಕ್ಕದಲ್ಲೇ ನಾನೂ ನಿಂತಿದ್ದೆ. ನಿಮಗೆ ಕಂಡದ್ದು ನನಗೆ ಕಾಣಲಿಲ್ಲ. ಅಷ್ಟೇ.

ಭಾನುವಾರ ಆಫೀಸಿನಲ್ಲಿ ಚಹಾ ಕುಡಿಯುವಾಗ ನೀವು ಪ್ರದರ್ಶನದ ಮಾತೇ ಎತ್ತಲಿಲ್ಲ. ನನ್ನ ಮಗಳ ಜ್ವರ ಹೇಗಿದೆ ಎಂದು ಕೇಳಿದಿರಿ. ಆಮೇಲಿನ ಮೂರು ವರ್ಷ ನಾವು ದಿನಾ ಚಹಾ ಕುಡಿದೆವು, ನೀವು ರಜೆಗೆ ಹೊರಟಾಗಲೆಲ್ಲ ಏರ್‌ಪೋರ್ಟಿಗೆ ಬಿಟ್ಟದ್ದು ನಾನೇ. ಆದರೆ ಒಂದೇ ಒಂದು ಚಿತ್ರವನ್ನೂ ನನಗೆ ತೋರಿಸಲಿಲ್ಲ. ಒಮ್ಮೆ ನಾನಾಗಿ ಕೇಳಿದೆ. “ಕಣ್ಣು ಸರಿ ಇಲ್ಲ ಮಾರಾಯ. ಅದೆಲ್ಲ ಖಲಾಸ್,” ಎಂದಿರಿ. ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಕೊನೆಯ ದಿನ ನೀವು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮೇಜಿಗೆ ತಲೆಯಿಟ್ಟು ಮಲಗಿದಿರಿ. ಎಬ್ಬಿಸಲು ಹೋದವರಿಗೆ ಗೊತ್ತಾಯಿತು. ಆಮೇಲಿನ ಕಾಗದಪತ್ರಗಳನ್ನೆಲ್ಲ ನಾನೇ ಮಾಡಿಸಿದೆ, ಕಾಗದ ನನ್ನ ಕೆಲಸವಲ್ಲವೇ. ನಿಮ್ಮನ್ನು ಊರಿಗೆ ಕಳಿಸಿದ ಮಾರನೆಯ ದಿನ ಕುಂಞುಮೋನ್ ಮತ್ತು ನಾನು ಟ್ರಂಕು ತೆರೆದೆವು. ಆಲ್ಬಮ್ಮಿನ ಕೆಳಗೆ ಒಂದು ದಪ್ಪ ಲಕೋಟೆ, ಅದರಲ್ಲಿ ಇಪ್ಪತ್ತಾರು ಪ್ರಿಂಟು. ಇಸ್ತ್ರಿ ಹಾಕುತ್ತಿರುವ ಕುಂಞುಮೋನ್, ಮೊಬೈಲಿನಲ್ಲಿ ಮಗಳ ಮುಖ ನೋಡುತ್ತಿರುವ ಕುಂಞುಮೋನ್. ಅವನು ತನ್ನದೇ ಮುಖವನ್ನು ಹಿಡಿದುಕೊಂಡು ಮಂಚದ ಮೇಲೆ ಕುಳಿತ. ಇವನ್ನೆಲ್ಲ ನಿನಗೂ ತೋರಿಸಿರಲಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದ. ನಾನು ಇಲ್ಲ ಎಂದೆ.

ಆಲ್ಬಮ್ಮಿನ ಕೊನೆಯಲ್ಲಿ ಎಡಿತ್ ಖಾಲಿ ಬಿಟ್ಟಿದ್ದ ಹಾಳೆಗಳಲ್ಲಿ ಒಂದರ ಮೇಲೆ ನಿಮ್ಮ ಮಂಜಿನ ಚಿತ್ರವಿತ್ತು. ಅದರ ಕೆಳಗೆ, ಅಂಚನ್ನು ನೇರವಾಗಿ ಕತ್ತರಿಸಿ, ಗುಳ್ಳೆಯೇಳದ ಹಾಗೆ ಅಂಟಿಸಿದ ನನ್ನ ಚೀಟಿ. ಹತ್ತು ವರ್ಷ ನಿಮ್ಮ ನಕ್ಷೆಗಳ ಮೂಲೆಯಲ್ಲಿ ನಾನು ಬರೆಯುತ್ತಿದ್ದ ಅದೇ ದೊಡ್ಡಕ್ಷರ. ಚೀಟಿ ಕೈಗೆ ಬಂದ ಗಳಿಗೆಯಲ್ಲೇ ನಿಮಗೆ ಗೊತ್ತಾಗಿರಬೇಕು. ನನಗೆ ಇದು ಮೊದಲೇ ಯಾಕೆ ಹೊಳೆಯಲಿಲ್ಲವೋ...

ಮಿಸ್ಟರ್ ಗ್ರೆಗ್ ಅವರ ಹಳೆಯ ವಿಳಾಸಕ್ಕೆ ಬರೆದ ಪತ್ರಕ್ಕೆ ಉತ್ತರ ಬಂದದ್ದು ಅವರ ಮಗಳು ಹೆಲೆನ್‌ಳಿಂದ. ಗ್ರೆಗ್ ಅವರೂ ತೀರಿಕೊಂಡಿದ್ದಾರೆ. ಎಡಿತಳ ಊರಿನ ಲೈಬ್ರರಿಯಲ್ಲಿ ಹಳೆಯ ಕಾಲದ ಹವ್ಯಾಸಿ ಫೋಟೋಗ್ರಾಫರುಗಳ ಪ್ರದರ್ಶನ ಮಾಡುತ್ತಿದ್ದಾರೆ, ಎಡಿತಳದ್ದು ಏನೂ ಉಳಿದಿಲ್ಲ ಎಂದುಕೊಂಡಿದ್ದೆವು, ದಯವಿಟ್ಟು ಕಳಿಸಿ ಎಂದು ಬರೆದಿದ್ದಳು. ಪ್ಯಾಕ್ ಮಾಡುವ ಮೊದಲು ನಾನು ಬ್ಲೇಡು ತೆಗೆದುಕೊಂಡು ಕೂತೆ. ಚೀಟಿಯ ಒಂದು ಮೂಲೆ ಎದ್ದೂ ಬಂತು. ಶೈಲಜಾ ಒಳಗಿಂದ ಬಂದವಳು ಏನು ಮಾಡುತ್ತಿದ್ದೀರಿ ಎಂದಳು. ಹೇಳಿದೆ. ಈ ವಿಷಯವನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ನಿಂತೇ ಕೇಳಿಸಿಕೊಂಡಳು.

“ಅದನ್ನು ಅಂಟಿಸಿದ್ದು ಅವರು. ಕೀಳ್ಲಿಕ್ಕೆ ನೀವು ಯಾರು?”

ಬ್ಲೇಡು ಕೆಳಗಿಟ್ಟೆ. ಎದ್ದ ಮೂಲೆಗೆ ಗೋಂದು ಹಚ್ಚಿ ಒತ್ತಿದೆ.

ಹೆಲೆನ್‌ಳ ಈಮೇಲು ಎರಡು ತಿಂಗಳ ಮೇಲೆ ಬಂತು. ಕೊನೆಯ ಪುಟವೂ ಎಡಿತಳದ್ದೇ ಎಂದು ಲೈಬ್ರರಿಯವರು ಮೊದಲು ಅಂದುಕೊಂಡರಂತೆ. ಮಂಜಿನ ಹಿಂದಿನ ಕಟ್ಟಡಗಳನ್ನು ಗಮನಿಸಿದ ಮೇಲಷ್ಟೇ ಅನುಮಾನ ಬಂದದ್ದು. ಅದನ್ನೂ ತೂಗುಹಾಕುವ ಆಸೆ, ತೆಗೆದವರ ಹೆಸರು ಏನು ಎಂದು ಕೇಳಿದ್ದಳು. ಕೆಳಗಿನ ಚೀಟಿ ಯಾರದ್ದು ಎಂದೂ ಕೇಳಿದ್ದಳು. ಎಡಿತಳ ವಿಮರ್ಶಕ ಯಾರೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ, ಇವನ ಹೆಸರಾದರೂ ಸಿಗಲಿ ಎಂದು.

ನಾಲ್ಕು ದಿನ ಉತ್ತರ ಬರೆಯಲಿಲ್ಲ. ಐದನೆಯ ದಿನ ಸುಮತಿ ಅತ್ತಿಗೆಗೆ ಫೋನು ಮಾಡಿ ಎಲ್ಲ ಹೇಳಿದೆ.

“ಆ ವಾರವೇ ಹೇಳಿದ್ರು, ದಿನೇಶ ಬರೆದದ್ದು ಅಂತ. ತುಂಬ ಬೇಜಾರು ಮಾಡಿಕೊಂಡಿದ್ರು. ನೀವಾಗಿ ಒಂದು ದಿನ ಹೇಳ್ತೀರಿ ಅಂತ ಕಾದರು.”

ಅವರೇ ಮಾತು ಬದಲಿಸಿ, ಆ ಇಪ್ಪತ್ತಾರು ಚಿತ್ರಗಳು ಎಲ್ಲಿವೆ, ನೋಡಲು ಆಗುತ್ತದೆಯೇ ಎಂದರು. ನೀವು ಊರಿಗೆ ಹೋದಾಗ ಒಂದನ್ನೂ ಒಯ್ದಿರಲಿಲ್ಲವಂತೆ.

ಹೆಲೆನ್‌ಗೆ ಅವತ್ತು ಸಂಜೆಯೇ ಬರೆದೆ. ಚಿತ್ರ: ಶೇಖರ, ಊರು ಪಡುಬಿದ್ರಿ, ದೋಹಾದಲ್ಲಿ ಡ್ರಾಫ್ಟ್ಸ್‌ಮನ್. ಚೀಟಿ: ದಿನೇಶ, ಅವರ ಸ್ನೇಹಿತ. ಸ್ನೇಹಿತ ಎಂಬ ಪದವನ್ನು ಎರಡು ಸಲ ಅಳಿಸಿದೆ, ಮೂರನೆಯ ಸಲ ಬಿಟ್ಟೆ. ಹೋದ ವಾರ ಪ್ರದರ್ಶನದ ಫೋಟೋ ಕಳಿಸಿದ್ದಾಳೆ. ಎಡಿತಳ ಕುರಿಮಂದೆಯ ಪಕ್ಕದ ಗೋಡೆಯಲ್ಲಿ ನಿಮ್ಮ ಮಂಜು. ಎರಡೂ ಹೆಸರು ಸರಿಯಾಗಿ ಅಚ್ಚಾಗಿವೆ.

ಇನ್ನು ನಿಮಗೆ ಗೊತ್ತೇ ಇಲ್ಲದ ಸುದ್ದಿ. ಲವೀನಾ ಅವರ ಮನೆಗೆ ಹೋಗಿ, ಚಿತ್ರ ಯಾರದ್ದೆಂದು ಗೊತ್ತಿದ್ದೇ ಆ ಚೀಟಿ ಬರೆದೆ ಎಂದು ಹೇಳಿ, ಲಕೋಟೆ ಅವರ ಕೈಗೆ ಕೊಟ್ಟೆ. ಬರುವ ತಿಂಗಳು ಸಂಘದ ಹಾಲ್‌ನಲ್ಲಿ ಇಪ್ಪತ್ತಾರನ್ನೂ ತೂಗುಹಾಕುತ್ತಾರೆ. ಆರಿಸುವ ಕೆಲಸವಿಲ್ಲ, ಎಲ್ಲವೂ ಇರುತ್ತವೆ. ಬಂದವರು ಇವರು ಯಾರು ಎಂದು ಕೇಳಿದರೆ ಹೇಳಲು ನಾನು ಬಾಗಿಲ ಬಳಿ ನಿಲ್ಲುತ್ತೇನೆ. ಮೊದಲೇ ಯಾಕೆ ತೋರಿಸಲಿಲ್ಲ ಎಂದು ಕೇಳಿದರೆ ಅದನ್ನೂ ಹೇಳುತ್ತೇನೆ. ಮೊದಲ ದಿನಕ್ಕೆ ಸುಮತಿ ಅತ್ತಿಗೆ ಬರುತ್ತಿದ್ದಾರೆ. ನೀವು ಇಪ್ಪತ್ತೆರಡು ವರ್ಷ ಇದ್ದ ಊರನ್ನು ಅವರು ಒಮ್ಮೆಯೂ ನೋಡಿಲ್ಲ, ನಾಲ್ಕು ಮಂಚದ ಕೋಣೆಗೆ ಹೇಗೆ ಕರೆಸಿಕೊಳ್ಳುತ್ತಿದ್ದಿರಿ? ಈಗ ಟಿಕೆಟ್ ಆಗಿದೆ. ಶೈಲಜಾ ಮಗಳ ಕೋಣೆಯನ್ನು ಅವರಿಗೆಂದು ಸರಿಮಾಡುತ್ತಿದ್ದಾಳೆ. ಮಂಗಳೂರಿನ ವಿಮಾನ ಇಳಿಯುವಾಗ ನಾನು ಅಲ್ಲಿರುತ್ತೇನೆ.

ದಿನೇಶ