ಬಾರ್ ಬೀಳಿಸದವಳು

ಮಾರ್ಚ್ 2, ಸಂಜೆ

ಮತ್ತೆ ಅದೇ. ಶಾಲೆ ಮುಗಿಸಿ ಗ್ರೌಂಡ್‌ಗೆ. ವಾರ್ಮ್ ಅಪ್, ರನ್ ಅಪ್, ಹೈಜಂಪ್. ಎಲ್ಲಾ ಕ್ಲಿಯರ್. ಆಗದೆ ಏನು, ಬಾರ್ ಇಡಿಸಿದ್ದೇ ನನಗೆ ಗೊತ್ತಿರೋ ಎತ್ತರಕ್ಕೆ. ದಿನವಿಡೀ ಏಳನೇ ಕ್ಲಾಸಿನ ಮಕ್ಕಳಿಗೆ ಪಿ.ಟಿ. ಮಾಡಿಸುತ್ತಾ ಸೀಟಿ ಊದಿ ಊದಿ ದವಡೆ ನೋವು. ಮೂವತ್ತೊಂದಕ್ಕೇ ಮುದುಕಿಯಾದ ಹಾಗಿದೆ.

ಜೊತೆಗೆ ಹಾರೋ ಕಾಲೇಜು ಹುಡುಗಿ ಇವತ್ತು ಬಾರ್ ಬೀಳಿಸಿದ್ದೇ ಬೀಳಿಸಿದ್ದು. ಮೈಯಲ್ಲಿ ಕಾಲು ಬಿಟ್ಟರೆ ಬೇರೇನೂ ಇಲ್ಲ, ಕೋಚ್ 'ಕಡ್ಡಿ' ಅಂತ ಇಟ್ಟ ಹೆಸರು ಸರಿಯಾಗಿದೆ. ಬೀಳಿಸಿದಾಗೆಲ್ಲ ಮ್ಯಾಟ್ ಮೇಲೆ ಬಿದ್ದುಕೊಂಡೇ ನಗುತ್ತಾಳೆ. ನಾಚಿಕೆ ಅನ್ನೋದೇ ಇಲ್ಲ. ನೋಡಿದರೆ ಹೊಟ್ಟೆ ಉರಿಯುತ್ತೆ.

ಮಾರ್ಚ್ 9

ನಿನ್ನೆ ಮೀಟ್. ಒಂದು ಮೀಟರ್ ಎಪ್ಪತ್ತೇಳು ದಾಟಿದೆ. ಮುಂದಿನದು ಒಂದು ಎಂಬತ್ತು ಅಂತ ಅನೌನ್ಸ್ ಮಾಡಿದರು. ಶೂ ಲೇಸ್ ಬಿಚ್ಚಿದೆ. ಮೊಣಕಾಲು ಹಿಡಿದುಕೊಂಡು ಅಧಿಕಾರಿಗೆ ಕೈಸನ್ನೆ ಮಾಡಿದೆ — ನನ್ನದು ಮುಗೀತು. ಬ್ಯಾಗ್ ಎತ್ತಿಕೊಂಡು ಹೊರಟೆ. ಕಡ್ಡಿ ಎರಡು ಸಲ ಬೀಳಿಸಿ ಮೂರನೇ ಸಲ ಎಂಬತ್ತು ದಾಟಿದಳು. ನಾನು ಎರಡನೇ ಸ್ಥಾನ.

ಅಮ್ಮ ಪಕ್ಕದ ಮನೆಯವರ ಹತ್ತಿರ ಹೇಳ್ತಾ ಇದ್ದಳು: "ನಮ್ಮವಳು ಇಷ್ಟು ವರ್ಷದಲ್ಲಿ ಒಂದು ಮೀಟಲ್ಲೂ ಬಾರ್ ಬೀಳಿಸಿದವಳಲ್ಲ." ಕೇಳಿ ಕುಗ್ಗಿಹೋದೆ.

ಮಾರ್ಚ್ 10

ಅತ್ತಿಗೆ ಆಸ್ಪತ್ರೆಯಲ್ಲಿ ಫಿಸಿಯೋ. ಡ್ಯೂಟಿ ಮುಗಿಸಿ ಬಂದವಳು ಸೀದಾ ನನ್ನ ಮಂಚದ ಮೇಲೆ ಕೂತು ಮೊಣಕಾಲು ಒತ್ತಿದಳು.

"ಇಲ್ಲಿ ನೋವಾ?"

"ಹ್ಞೂ."

"ಇಲ್ಲಿ?"

"ಅಲ್ಲೂ."

"ನಾನು ಒತ್ತಿದ್ದು ಎಡಗಾಲು. ಮೊನ್ನೆ ಮೀಟಲ್ಲಿ ನೀನು ಹಿಡ್ಕೊಂಡಿದ್ದು ಬಲಗಾಲು."

ಕಾಲು ಎಳೆದುಕೊಂಡೆ.

"ನನ್ನ ಪೇಶೆಂಟ್‌ಗಳು ಇಂಥಾ ಕಾಲಿಗೆ ಆಸ್ತಿ ಬರೆದುಕೊಡ್ತಾರೆ ಕಣೇ" ಅಂದಳು. ಬೈದಿದ್ದರೆ ವಾಸಿಯಿತ್ತು. ಅಮ್ಮನಿಗೆ ಹೇಳಬೇಡಿ ಅಂದೆ. "ಹೇಳಲ್ಲ. ಇನ್ಮೇಲೆ ನನ್ನ ಹತ್ತಿರ ಬ್ಯಾಂಡೇಜ್ ಕೇಳಬೇಡ, ಅಷ್ಟೇ."

ಮಾರ್ಚ್ 11, ಫ್ರೀ ಪೀರಿಯಡ್

ಈ ಆಟವೇ ಕೆಟ್ಟದ್ದು. ಓಟದಲ್ಲಿ ಗೆದ್ದವಳು ಗೆದ್ದು ನಿಲ್ಲುತ್ತಾಳೆ. ಇಲ್ಲಿ ಗೆದ್ದವಳಿಗೂ ಬಾರ್ ಏರಿಸ್ತಾ ಹೋಗ್ತಾರೆ, ಮೂರು ಸಲ ಬೀಳಿಸೋವರೆಗೆ. ಚಿನ್ನ ಗೆದ್ದವಳೂ ಕೊನೆಗೆ ಬೀಳಿಸಿಯೇ ಮನೆಗೆ ಹೋಗೋದು. ಬೀಳಿಸೋ ಮುಂಚೆಯೇ ಎದ್ದು ಬರೋ ನಾನೊಬ್ಬಳೇ ಜಾಣೆ ಅಂದುಕೊಂಡಿದ್ದೆ.

ಗೆಲ್ಲಬೇಕು ಅಂತ ಯಾವತ್ತು ಹಾರಿದ್ದೆ? ನೆನಪಿಲ್ಲ. ಆ ಸದ್ದು ಕೇಳಬಾರದು, ಅಷ್ಟೇ. ಬಾರ್ ಬಿದ್ದ ಸದ್ದು, ಹಿಂದೆಯೇ ಜನ 'ಅಯ್ಯೋ' ಅನ್ನೋದು... ಆ ಅಯ್ಯೋ ನನ್ನ ಕೈಲಿ ತಡೆಯೋಕ್ಕಾಗಲ್ಲ.

ಮಾರ್ಚ್ 15

ಏಪ್ರಿಲ್ ಆರಕ್ಕೆ ರಾಜ್ಯ ಟೀಮಿನ ಟ್ರಯಲ್ಸ್. ಒಂದು ಎಂಬತ್ತು ದಾಟಿದವರು ಟೀಮಿಗೆ. "ನಿನ್ನ ವಯಸ್ಸಿಗೆ ಇದೇ ಕೊನೇದು" ಅಂದರು ಕೋಚ್. ಸುತ್ತುಬಳಸಿ ಮಾತಾಡೋ ಜನವಲ್ಲ.

"ಮೊಣಕಾಲು ಈ ಸಲ ಏನನ್ನುತ್ತೆ?"

"ಕೇಳಿ ನೋಡ್ತೀನಿ ಸರ್."

ನಗಲಿಲ್ಲ. "ಎಂಬತ್ತಕ್ಕೆ ಇಡಲಾ?"

"ನಾಳೆ ಸರ್."

ಮಾರ್ಚ್ 28

ನಾಳೆ ನಾಳೆ ಅಂತ ಇಷ್ಟು ದಿನ. ದಿನಾ ಎಪ್ಪತ್ತೇಳು.

ಕಡ್ಡಿ ನೀರು ಕುಡಿಯುತ್ತಾ ಕೇಳಿದಳು, "ಅಕ್ಕಾ, ಗೊತ್ತಿರೋದನ್ನೇ ಹಾರಿ ಹಾರಿ ನಿಮಗೆ ಸುಸ್ತಾಗಲ್ವಾ?"

ಆಗುತ್ತೆ ಕಣೇ. ಸುಸ್ತಾಗಿ ಸಾಯ್ತಿದೀನಿ. ಹೇಳಲಿಲ್ಲ. "ಮೊದಲು ನಿನ್ನ ರನ್ ಅಪ್ ನೋಡ್ಕೋ" ಅಂದೆ.

ಏಪ್ರಿಲ್ 6, ವಾಪಸ್ ಬಸ್ಸಲ್ಲಿ

ಎಪ್ಪತ್ತೇಳು ಸಲೀಸಾಗಿ ಆಯಿತು. ಬೆಂಚ್ ಮೇಲೆ ಕೂತೆ. ಕೈ ತಾನಾಗಿಯೇ ಮೊಣಕಾಲಿಗೆ ಹೋಯಿತು. ಮೇಲೆ ಗ್ಯಾಲರಿಯಲ್ಲಿ ಅಮ್ಮನ ಪಕ್ಕ ಅತ್ತಿಗೆ. ನನ್ನ ಮುಖ ನೋಡ್ತಿರಲಿಲ್ಲ, ಕೈ ನೋಡ್ತಿದ್ದಳು. ಕೈ ತೆಗೆದೆ. ಯಾವ ಧೈರ್ಯವೂ ಬಂದಿರಲಿಲ್ಲ. ಮತ್ತೊಂದು ಸಲ ಆ ಸುಳ್ಳು ಹೇಳೋಕೆ ಶಕ್ತಿ ಇರಲಿಲ್ಲ, ಅಷ್ಟೇ.

ಎಂಬತ್ತಕ್ಕೆ ಮೊದಲನೇದು — ಬಾರನ್ನ ಬೆನ್ನಲ್ಲೇ ಹೊತ್ತುಕೊಂಡು ಬಿದ್ದೆ. ಅಯ್ಯೋ ಅಂದರು. ಎರಡನೇದು ಅದಕ್ಕಿಂತ ಕಡೆ. ಮೂರನೇದಕ್ಕೆ ಸೊಂಟ ದಾಟಿತು, ತೊಡೆ ಬಾರನ್ನ ಎಳೆದುಕೊಂಡು ಬಂತು. ಕೆಂಪು ಬಾವುಟ. ಕಡ್ಡಿ ದಾಟಿದಳು, ಟೀಮಿಗೆ ಹೋದಳು.

ಅತ್ತುಬಿಟ್ಟೆ. ಅಷ್ಟು ಜನರ ಎದುರಿಗೇ, ಮಕ್ಕಳ ಹಾಗೆ.

ಅಮ್ಮ ಇಳಿದು ಬಂದಳು. "ಕಾಲು ನೋವಾ?"

"ಇಲ್ಲಮ್ಮಾ. ಕಾಲು ಯಾವತ್ತೂ ನೆಟ್ಟಗೇ ಇತ್ತು. ಹಾರೋಕ್ಕಾಗಲಿಲ್ಲ."

ಅಮ್ಮ ನನ್ನ ಜಾಕೆಟ್ ಮಡಚಿ ಬ್ಯಾಗಿಗೆ ತುಂಬಿ, "ನಡಿ, ಬಸ್ ಹೋಗಿಬಿಡುತ್ತೆ" ಅಂದಳು. ಈಗ ಪಕ್ಕದಲ್ಲಿ ಕೂತು ನಿದ್ದೆ ಹೋಗಿದ್ದಾಳೆ.

ಏಪ್ರಿಲ್ 7

ರಜೆ ಹಾಕಿದೆ. ಮಲಗಿದೆ.

ಏಪ್ರಿಲ್ 9

ಹೋಗಬಾರದು ಅಂತಲೇ ಇದ್ದೆ. ಟೀಮ್ ಇಲ್ಲ, ವಯಸ್ಸಿಲ್ಲ, ಯಾವ ಪುರುಷಾರ್ಥಕ್ಕೆ? ಆದರೂ ಹೋದೆ. ಕೋಚ್ ಬಾರ್ ಎಪ್ಪತ್ತೇಳಕ್ಕೆ ಇಟ್ಟರು.

"ಎಂಬತ್ತು ಸರ್."

"ಯಾವ ಟೀಮಿಗೆ?"

"ಯಾವ ಟೀಮಿಗೂ ಅಲ್ಲ."

ಬಿತ್ತು. ನಾನೇ ಎತ್ತಿಟ್ಟೆ. ಮತ್ತೆ ಬಿತ್ತು, ಮತ್ತೆ ಇಟ್ಟೆ. ಇಲ್ಲಿ ಮೂರಕ್ಕೆ ನಿಲ್ಲಿಸು ಅನ್ನೋರು ಯಾರಿದ್ದಾರೆ? ಬೆನ್ನು ಕೆತ್ತಿಹೋಗಿದೆ, ಮೊಣಕೈ ಊದಿದೆ. ಬೆಳಕು ಕಡಿಮೆಯಾಗ್ತಿತ್ತು. ಯಾವುದೋ ಒಂದು ಸಲ ಮ್ಯಾಟ್ ಮೇಲೆ ಬಿದ್ದು ಸದ್ದಿಗೆ ಕಾದೆ. ಬರಲಿಲ್ಲ. ಕಣ್ಣು ಬಿಟ್ಟರೆ ಬಾರ್ ಅಲ್ಲೇ ಇತ್ತು.

"ಮೂರು ದಿನ ಲೇಟು ಕಣಮ್ಮಾ" ಅಂದರು ಕೋಚ್. ಅವರ ದನಿಯೂ ಸೋತಿತ್ತು.

"ಗೊತ್ತು ಸರ್."

ಸಂಕಟ ಆಯಿತು. ಸಂತೋಷವೂ ಆಯಿತು, ಸುಳ್ಳು ಯಾಕೆ. ವಾಚ್‌ಮನ್ ಗೇಟಿನ ಹತ್ತಿರ ಬೀಗ ಹಿಡಿದು ನಿಂತಿದ್ದ. ಕೋಚ್ ಬಾರ್ ಬಿಚ್ಚೋಕೆ ಕೈ ಹಾಕಿದರು. ತಡೆದೆ.

"ಎಂಬತ್ತಮೂರಕ್ಕೆ ಇಡಿ ಸರ್."

"ಬೀಳುತ್ತೆ."

"ಬೀಳಲಿ" ಅಂದೆ. ಓಡಿ ಬಂದೆ, ಕಾಲೆತ್ತಿದೆ —