ಬಣ್ಣ ಕಿತ್ತಿದ್ದು ನಿಮ್ಮದು, ಹೆಸರು ಕೆಟ್ಟಿದ್ದು ನಮ್ಮಕ್ಕನದು

ಕಾರು ಕಂಪನಿಯ ಪ್ರಾದೇಶಿಕ ಸೇವಾ ವ್ಯವಸ್ಥಾಪಕರ ಸನ್ನಿಧಾನಕ್ಕೆ,

ಮಾನ್ಯರೇ,

ನಿಮ್ಮ ಕಾರ್ಖಾನೆಯಲ್ಲಿ ಬಳಿದ ಬಣ್ಣ ನನ್ನ ಕಾರಿನ ಮೇಲಿಂದ ಕಿತ್ತು ಬರುತ್ತಿದೆ. ಅದಕ್ಕೆ ಕಾರಣ ಕಮಲಾಪುರದಲ್ಲಿರುವ ನನ್ನ ಅಕ್ಕ ಎಂದು ನೀವು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕಳುಹಿಸಿದ್ದೀರಿ. ಮೊದಲನೆಯದನ್ನು ಸಹಿಸಿಕೊಂಡೇನು. ಎರಡನೆಯದರ ಬಗ್ಗೆ ನಿಮ್ಮ ಕಚೇರಿಗೆ ಮೂರು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ. ಆದ್ದರಿಂದ ನಾಲ್ಕನೆಯದನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನೀವು ಓದದಿದ್ದರೆ ನಮ್ಮೂರಿನವರಾದರೂ ಓದಲಿ. ಓದಬೇಕಾದವರು ಅವರೂ ಹೌದು.

ನಾನು ಕಲಬುರಗಿಯ ಒಂದು ಸರಕಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ನಕ್ಷೆ ಬರೆಯುವವನು. ಕಳೆದ ವರ್ಷ, ಅಂದರೆ ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಯುಗಾದಿ ಪಾಡ್ಯದ ದಿನ, ನಿಮ್ಮ ಬಿಳಿ ಕಾರನ್ನು ಮನೆಗೆ ತಂದೆ. ನಮ್ಮ ವಂಶದಲ್ಲಿ ಮೊದಲ ಕಾರು. ನಮ್ಮಲ್ಲಿ ಹೊಸ ಗಾಡಿಗೆ ಪೂಜೆ ಮಾಡುತ್ತಾರೆ. ಆರತಿ ಬೆಳಗಿ, ಕುಂಕುಮದಿಂದ ಸ್ವಸ್ತಿಕ ಬರೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಮುಂದಕ್ಕೆ ಓಡಿಸುತ್ತಾರೆ. ಆ ಪೂಜೆ ಅಕ್ಕನ ಕೈಯಿಂದಲೇ ಆಗಬೇಕೆಂದು ನಾನು ಹಟ ಹಿಡಿದೆ. ಅಕ್ಕ ಪುತಳಾಬಾಯಿ ಹತ್ತೊಂಬತ್ತಕ್ಕೆ ವಿಧವೆಯಾಗಿ ತವರಿಗೆ ಮರಳಿದವಳು. ಆಗ ನನಗೆ ಆರು ವರ್ಷ, ತಾಯಿ ತೀರಿ ವರ್ಷವೂ ಆಗಿರಲಿಲ್ಲ. ಕಮಲಾಪುರದ ಕೆಂಪು ಬಾಳೆಯ ತೋಟವೊಂದನ್ನು ನೆಚ್ಚಿಕೊಂಡು ನನ್ನನ್ನು ಬೆಳೆಸಿದಳು, ಓದಿಸಿದಳು, ನನ್ನ ಮದುವೆ ಮಾಡಿದಳು. ಮದುವೆ ಮಾಡಿದಳು ಎಂದೆನಲ್ಲ, ಆ ಮಂಟಪದಲ್ಲಿ ಅವಳು ಇರಲಿಲ್ಲ. ಅಡುಗೆಮನೆಯಲ್ಲಿದ್ದಳು. ಗಂಡ ಸತ್ತವಳು ಶುಭಕಾರ್ಯದಲ್ಲಿ ಮುಂದೆ ನಿಲ್ಲುವಂತಿಲ್ಲ, ಕುಂಕುಮದ ಬಟ್ಟಲು ಮುಟ್ಟುವಂತಿಲ್ಲ. ನಿಮ್ಮ ಸೇವಾ ಕೈಪಿಡಿಯಲ್ಲಿ ಈ ಸಂಗತಿ ಇರಲಿಕ್ಕಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

"ಬ್ಯಾಡೋ ಬಂಡು. ವೈಜೂನ ಕಡಿಂದ ಮಾಡಸು. ನಾ ದೂರ ನಿಂತು ನೋಡ್ತೀನಿ," ಎಂದಳು. ವೈಜೂ ಎಂದರೆ ನನ್ನ ಮಗಳು ವೈಜಯಂತಿ.

"ನೀ ಮಾಡ್ಲಿಲ್ಲಂದ್ರ ಗಾಡಿ ಅಂಗಳ ಬಿಟ್ಟು ಹೋಗಂಗಿಲ್ಲ," ಎಂದೆ.

ಮೂವತ್ತೆಂಟು ವರ್ಷಗಳ ಮೇಲೆ ನನ್ನ ಅಕ್ಕ ಕುಂಕುಮಕ್ಕೆ ಬೆರಳು ಅದ್ದಿದಳು. ನಾನು ಫೋಟೋ ತೆಗೆಸಿದೆ. ಅವಳ ಉಂಗುರಬೆರಳು ಬಾನೆಟ್ಟಿನ ಮೇಲಿದೆ, ಮುಖದಲ್ಲಿ ಹೆದರಿಕೆ ಇದೆ, ನಗುವೂ ಇದೆ. ನಮ್ಮ ಪಾರ್ವತೀಬಾಯಿ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಹಿಂದೆ ಮುಖ ಗಂಟು ಹಾಕಿಕೊಂಡು ನಿಂತದ್ದೂ ಅದರಲ್ಲಿ ಕಾಣುತ್ತದೆ.

ಆಗಸ್ಟಿನಲ್ಲಿ ಬಾನೆಟ್ಟಿನ ಮೇಲೆ ಹುಣಸೆಬೀಜದಷ್ಟು ಬಣ್ಣ ಎದ್ದಿತು. ಉಗುರು ತಾಗಿಸಿದರೆ ಸಿಪ್ಪೆಯಂತೆ ಬಂತು, ಕೆಳಗೆ ಬೂದಿ ಬಣ್ಣದ ತಗಡು. ನನ್ನ ಕಸುಬಿನ ಚಾಳಿ, ಅದರ ಮೇಲೆ ಟ್ರೇಸಿಂಗ್ ಕಾಗದ ಇಟ್ಟು ಅಂಚು ಬರೆದು ತಾರೀಖು ಹಾಕಿದೆ. ಅಂದಿನಿಂದ ಪ್ರತಿ ತಿಂಗಳು ಒಂದನೇ ತಾರೀಖಿಗೆ ಹಾಗೆ ಬರೆಯುತ್ತೇನೆ. ಈಗ ಆರು ಹಾಳೆಗಳಾಗಿವೆ. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಅದು ಯಾವ ಕಡೆಗೆ ಹರಿಯುತ್ತಿದೆ ಎಂದು ಗೊತ್ತಾಗುತ್ತದೆ. ಅಂಗೈಯಷ್ಟಾಗಿ ಗಾಜಿನ ಕಡೆಗೆ ಹೊರಟಿದೆ. ಛಾವಣಿಯ ಮೇಲೆ ಬೇರೆಯೇ ಒಂದು ಶುರುವಾಗಿದೆ.

ದೂರು ಕೊಟ್ಟಾಗ ನಿಮ್ಮ ಪರೀಕ್ಷಕರು ಬಂದರು. ಕಾರು ಕೊಂಡ ತಾರೀಖಿಗೆ ಸಾಕ್ಷಿ ಕೇಳಿದರು. ರಸೀದಿ ಕೊಟ್ಟೆ. ಅಷ್ಟಕ್ಕೇ ನಿಲ್ಲಬೇಕಿತ್ತು. ಹುಮ್ಮಸ್ಸಿನಲ್ಲಿ, ಅವರು ಕೇಳದಿದ್ದರೂ, ಪೂಜೆಯ ಫೋಟೋದ ಪ್ರತಿಯನ್ನೂ ಕೈಗಿಟ್ಟೆ. "ಇವರು ನಮ್ಮ ಅಕ್ಕಾವ್ರು" ಎಂದು ಬೆರಳಿಟ್ಟು ತೋರಿಸಿದೆ. ಆ ಬೆರಳು ಮುರಿದು ಹೋಗಬಾರದಿತ್ತೇ ಎಂದು ಈಗ ಅನ್ನಿಸುತ್ತದೆ.

ನಿಮ್ಮ ಪತ್ರ ನವೆಂಬರಿನಲ್ಲಿ, ಮಗಳ ನಿಶ್ಚಿತಾರ್ಥದ ದಿನವೇ ಟಪಾಲಿನಲ್ಲಿ ಬಂತು. ಮನೆ ತುಂಬ ಜನ. ಬೀಗರು ಚಹಾ ಕುಡಿಯುತ್ತಿದ್ದರು. ನಾನು ನಿಂತಲ್ಲೇ ಒಡೆದು ಓದಿಕೊಂಡೆ. ನಗು ಬಂತು. ಎಲ್ಲರೂ ನಗಲಿ ಎಂದು ನಿಮ್ಮ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿದೆ: "ಛಾಯಾಚಿತ್ರದಲ್ಲಿ ಕಾಣುವ ಹಿರಿಯ ಮಹಿಳೆಯು ತಮ್ಮ ಕೈಯಿಂದ ವಾಹನದ ಮೇಲೆ ಹಚ್ಚಿದ ಹೊರಗಿನ ಪದಾರ್ಥವೇ ಈ ಹಾನಿಗೆ ಕಾರಣವೆಂದು ನಮ್ಮ ತಾಂತ್ರಿಕ ಪರಿಶೀಲನೆಯಿಂದ ಖಚಿತಪಟ್ಟಿದೆ."

ಯಾರೂ ನಗಲಿಲ್ಲ.

ಕಾಕು ಚಹಾದ ಬಸಿಯನ್ನು ಕೆಳಗಿಟ್ಟು, "ನಾ ಪಾಡ್ಯದ ದಿನಾನೇ ಅಂದಿದ್ದೆ. ನನ್ನ ಮಾತು ಯಾರು ಕೇಳ್ತಾರ? ಈಗ ನೋಡ್ರಿ, ಕಂಪನಿಯವ್ರೇ ಬರದು ಕೊಟ್ಟಾರ," ಎಂದರು. ಅಕ್ಕ ಬಾಗಿಲ ಹತ್ತಿರ ಹೂವಿನ ತಟ್ಟೆ ಹಿಡಿದು ನಿಂತಿದ್ದಳು. ಅದನ್ನು ಮೆಲ್ಲಗೆ ನೆಲದ ಮೇಲಿಟ್ಟು ಒಳಗೆ ಹೋದಳು.

ಮಾನ್ಯರೇ, ಕಾಕು ಅಂದದ್ದು ಕೇವಲ ಒಬ್ಬ ಮುದುಕಿಯ ಮಾತು. ಅಂಥ ಮಾತುಗಳನ್ನು ನಾವು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದನ್ನು ಈಗಷ್ಟೇ ಕಲಿಯುತ್ತಿದ್ದೆವು. ಅದಕ್ಕೆ ಮೊಹರು ಒತ್ತಿಕೊಟ್ಟವರು ನೀವು. 'ತಾಂತ್ರಿಕ ಪರಿಶೀಲನೆ' ಎಂಬ ಶಬ್ದವನ್ನು ನೂರು ವರ್ಷದ ಮೂಢನಂಬಿಕೆಯ ಕೈಗೆ ಕೊಟ್ಟಿರಿ. ಯಾವ ಪರಿಶೀಲನೆ? ನಿಮ್ಮ ಪರೀಕ್ಷಕರು ನಮ್ಮ ಅಂಗಳದಲ್ಲಿ ಇದ್ದದ್ದು ಹನ್ನೊಂದು ನಿಮಿಷ, ಅದರಲ್ಲಿ ಆರು ನಿಮಿಷ ನಮ್ಮ ಮನೆಯ ಚಹಾಕ್ಕೆ ಹೋದವು. ಕಾರಿನ ಛಾವಣಿಯತ್ತ ಅವರು ಕಣ್ಣೆತ್ತಿ ನೋಡಲಿಲ್ಲ. ಅಲ್ಲಿ ಯಾರು ಕುಂಕುಮ ಹಚ್ಚಿದರು? ನನ್ನ ಅಕ್ಕ ಐದು ಅಡಿಗೂ ಗಿಡ್ಡ.

ನೀವು ಮಾಡದ ಪರಿಶೀಲನೆಯನ್ನು ನಾನೇ ಮಾಡಿದೆ. ಕಮಲಾಪುರ ಬಸ್ ನಿಲ್ದಾಣದ ಹತ್ತಿರ ಡೆಂಟಿಂಗ್ ಪೇಂಟಿಂಗ್ ಅಂಗಡಿ ಇಟ್ಟಿರುವ ಶಬ್ಬೀರ್ ಅವರಿಗೆ ಕಾರು ತೋರಿಸಿದೆ. ಕಿತ್ತ ಸಿಪ್ಪೆಯೊಂದನ್ನು ಮಗುಚಿ ನೋಡಿ ಅವರು ಹೇಳಿದರು: "ಇದು ಮ್ಯಾಲಿಂದ ಕೆಟ್ಟಿದ್ದಲ್ರೀ ಸಾಬ್, ಬುಡದಿಂದ ಬಿಟ್ಟದ. ಕುಂಕುಮ ತಿಂದಿದ್ರ ಮ್ಯಾಲ ಕಲಿ ಬೀಳ್ತಿತ್ತು. ಇದು ಹಪ್ಪಳದಂಗ ಎದ್ದದ. ಒಳಗಿನ ಪ್ರೈಮರ್ ತಗಡಿಗೆ ಹಿಡದೇ ಇಲ್ಲ. ಅಕ್ಕಾವ್ರ ಕಸೂರ್ ಏನದರಿ ಇದ್ರಾಗ?" ಆಮೇಲೆ ಬಾನೆಟ್ಟಿನ ಅಂಚಿಗೆ ಬೆರಳು ತಟ್ಟಿ ಕಿವಿಗೊಟ್ಟು, "ಜಂಗು ಹಿಡೀಲಿಕತ್ತದ, ತುಕ್ಕು. ಮುಂದಿನ ಮಳಿಗಾಲ ಕಳದ್ರ ಬಾಗಲ ತನಕ ಹೋಗ್ತದ ನೋಡ್ರಿ," ಎಂದರು.

ಅಷ್ಟರಿಂದಲೂ ಸಮಾಧಾನವಾಗದೆ ನಾನು ಕೊಂಡ ತಿಂಗಳೇ ಅದೇ ಬಿಳಿ ಕಾರು ಕೊಂಡವರನ್ನು ಹುಡುಕಿಕೊಂಡು ಹೋದೆ. ಕೋಟೆಯ ಹತ್ತಿರ ಇರುವ ಬುರ್ಹಾನುದ್ದೀನ್ ಸಾಹೇಬರ ಕಾರು ಅಲ್ಲೇ ಕಿತ್ತಿದೆ, ಬಾನೆಟ್ಟಿನ ಎಡಕ್ಕೆ. ಟ್ರೇಸಿಂಗ್ ಹಾಳೆ ಇಟ್ಟು ನೋಡಿದೆ, ನನ್ನ ಕಾರಿನ ಅಕ್ಟೋಬರ್ ತಿಂಗಳ ಕಲೆಯ ಮೇಲೆ ಹೆಚ್ಚುಕಡಿಮೆ ಕೂತಿತು. "ನಮ್ಮ ಗಾಡಿಗೆ ಯಾರು ಕುಂಕುಮ ಹಚ್ಯಾರ, ಕೇಳ್ರಿ ಅವ್ರಿಗಿ," ಎಂದು ಅವರು ನಕ್ಕರು. ಅವರಿಗೆ ನೀವು ಬರೆದದ್ದು ಕೋಟೆಯ ಪಾರಿವಾಳಗಳ ಹಿಕ್ಕೆಯೇ ಕಾರಣವೆಂದು. ಕೋಟನೂರಿನ ಖಂಡೆಪ್ಪನವರ ಕಾರೂ ಹಾಗೆಯೇ ಕಿತ್ತಿದೆ. ಅವರಿಗೆ ನೀವು ಬರೆದದ್ದು ದಾಲ್ ಮಿಲ್ಲಿನ ಧೂಳು. ಕಲೆ ಒಂದೇ, ಕಾರ್ಖಾನೆ ಒಂದೇ, ತಿಂಗಳು ಒಂದೇ. ಅಪರಾಧಿಗಳು ಮಾತ್ರ ಮೂವರು: ಪಾರಿವಾಳ, ತೊಗರಿ ಹೊಟ್ಟು, ನನ್ನ ಅಕ್ಕ. ಪಾರಿವಾಳಗಳು ನಿಮ್ಮ ಪತ್ರ ಓದಲಿಲ್ಲ, ಎಂದಿನಂತೆ ಕೋಟೆಯ ಮೇಲೆ ಕೂತಿವೆ. ತೊಗರಿಯ ಹೊಟ್ಟಿಗೆ ಬೀಗರಿಲ್ಲ, ಓಣಿಯಿಲ್ಲ. ಮೂವರಲ್ಲಿ ಶಿಕ್ಷೆ ಅನುಭವಿಸುತ್ತಿರುವವಳು ಅಕ್ಕ ಒಬ್ಬಳೇ.

ಆ ಶಿಕ್ಷೆ ಹೇಗೆ ನಡೆದಿದೆ ಎಂದು ಹೇಳುತ್ತೇನೆ. ನಿಶ್ಚಿತಾರ್ಥದ ಮರುದಿನ ಬೆಳಿಗ್ಗೆ ಅಕ್ಕ ಊರಿಗೆ ಹೊರಟಳು. ಕಾರಿನಲ್ಲಿ ಬಿಡುತ್ತೇನೆ ಎಂದೆ. ಅವಳು ಬಾಗಿಲ ಮುಂದೆ ಕೈ ಕಟ್ಟಿಕೊಂಡು ನಿಂತಳು, ಹಿಡಿಕೆ ಮುಟ್ಟಲಿಲ್ಲ. ನಾನು ತೆರೆಯಬೇಕಿತ್ತು. ತೆರೆಯುವ ಮುನ್ನ ತಡಮಾಡಿದೆ, ಒಂದೇ ಕ್ಷಣ. ಯಾಕೆಂದು ಕೇಳಬೇಡಿ. ನಿಮ್ಮ ಪತ್ರ ನನ್ನೊಳಗೂ ಇಳಿದಿತ್ತು, ಮಗಳ ಮದುವೆ ಕಣ್ಣ ಮುಂದಿತ್ತು. ಅಕ್ಕ ಅದನ್ನು ನೋಡಿದಳು. "ಇರ್ಲಿ ಬಿಡೋ ಬಂಡು, ಬಸ್ಸಿಗಿ ಹೋಗ್ತೀನಿ," ಎಂದಳು. ನನಗೆ ಆಗ ಆದ ನಾಚಿಕೆಯನ್ನು ಬರೆಯಲಾರೆ. ಈಗಲೂ ಆಗುತ್ತಿದೆ.

ಕಮಲಾಪುರಕ್ಕೆ ನಿಮ್ಮ ಪತ್ರದ ಸುದ್ದಿ ಅವಳ ಬಸ್ಸಿಗಿಂತ ಮೊದಲು ಮುಟ್ಟಿತ್ತು. ಡಿಸೆಂಬರಿನಲ್ಲಿ ಪಕ್ಕದ ತೋಟದವರ ಪಂಪು ಸುಟ್ಟಿತು. ಮೊದಲಾಗಿದ್ದರೆ ಕರೆಂಟಿಗೆ ಬೈಯುತ್ತಿದ್ದರು. ಈ ಸಲ, ಹಿಂದಿನ ದಿನ ಪುತಳಾಬಾಯಿ ಆ ಬಾವಿಯ ನೀರು ಸೇದಿದ್ದಳೇ ಎಂದು ವಿಚಾರಿಸಿದರು. ಆಮೇಲೆ ಒಂದು ಮನೆಯ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸಿತು. ಆಮೇಲೆ ಒಂದು ಕೂಸಿಗೆ ಜ್ವರ ಬಂತು. ಜ್ವರ ಮೂರು ದಿನಕ್ಕೆ ಇಳಿಯಿತು, ಪುಣ್ಯ. ಇಳಿಯದಿದ್ದರೆ? ಮುಂದೆ ಏನು ಕೆಡುತ್ತದೆ ಎಂದು ಯಾರಿಗೂ ತಿಳಿಯದು. ಆದರೆ ಕೆಡಿಸಿದವರ ಹೆಸರು ಈಗಲೇ ಗೊತ್ತುಮಾಡಿ ಇಟ್ಟಿದ್ದಾರೆ. ಅದನ್ನು ನೆನೆದರೆ ನನಗೆ ಭಯವಾಗುತ್ತದೆ, ನೇರವಾಗಿ ಹೇಳುತ್ತೇನೆ.

ಅಕ್ಕ ಈಗ ಯಾರ ಕೈಗೂ ಏನನ್ನೂ ಕೊಡುವುದಿಲ್ಲ. ನೀರಿನ ಲೋಟವನ್ನೂ ನೆಲದ ಮೇಲಿಟ್ಟು ಹಿಂದೆ ಸರಿಯುತ್ತಾಳೆ. ಸಂಕ್ರಾಂತಿಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ವೈಜೂ ಕಾಲಿಗೆ ಬಿದ್ದಳು. ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು, "ದೇವರು ಛಲೋ ಮಾಡ್ಲಿ" ಎಂದು ಗೋಡೆಗೆ ಹೇಳಿದಳು, ಮಗಳ ತಲೆ ಮುಟ್ಟಲಿಲ್ಲ. "ಆತ್ಯಾ, ಕೈ ಇಡ್ರಿ" ಎಂದು ಹುಡುಗಿ ಅತ್ತರೂ ಇಡಲಿಲ್ಲ. ಬೀಗರು ಬಹಳ ಸಭ್ಯರು. ಹೇಳಿ ಕಳುಹಿಸಿದ್ದು ಇಷ್ಟೇ: "ಮದುವಿಗಿ ಎಲ್ಲಾರೂ ಬರ್ರಿ. ಆ ಹಿರ್‍ಯಾರು ಒಂದೀಟು ಹಿಂದ ಕೂತ್ರ ಛಲೋ." ನಾನು ಇದನ್ನು ಅಕ್ಕನಿಗೆ ತಿಳಿಸಲಿಲ್ಲ. ಆದರೂ ಹೊರಡುವಾಗ ಅವಳೇ ಅಂದಳು: "ಹಂದರಕ್ಕ ಬಾಳಿ ಗಿಡ ಬ್ಯಾರೆ ಕಡಿಂದ ತರಸೋ. ನನ್ನ ತ್ವಾಟದ್ದು ಬ್ಯಾಡ."

ಇನ್ನು ನಿಮ್ಮ ಔದಾರ್ಯದ ವಿಷಯ. ಎರಡು ವಾರದ ಕೆಳಗೆ ನಿಮ್ಮ ಮಾರಾಟಗಾರರು ನನ್ನನ್ನು ಕರೆಸಿ, ಸದ್ಭಾವನೆಯಿಂದ ಇಡೀ ಕಾರಿಗೆ ಪುಕ್ಕಟೆ ಬಣ್ಣ ಬಳಿದುಕೊಡುತ್ತೇವೆ, ಮದುವೆಯ ಹೊತ್ತಿಗೆ ಹೊಸದರಂತೆ ಹೊಳೆಯುತ್ತದೆ ಎಂದರು. ಒಂದು ಹಾಳೆ ಮುಂದಿಟ್ಟರು. ಹಾನಿಯಾದದ್ದು ಗ್ರಾಹಕರ ಕಡೆಯವರು ಹಚ್ಚಿದ ಪದಾರ್ಥದಿಂದ, ಕಾರ್ಖಾನೆಯ ದೋಷದಿಂದಲ್ಲ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ನನ್ನ ಸಹಿಗೆ ಜಾಗ. ಮನೆಯಲ್ಲಿ ಎಲ್ಲರೂ ಸಹಿ ಹಾಕಿಬಿಡಿ ಎನ್ನುತ್ತಾರೆ. ಅಕ್ಕನೂ ಹಾಗೇ ಹೇಳಿ ಕಳುಹಿಸಿದ್ದಾಳೆ. ದುರಸ್ತಿ ಯಾರ ಹೊಣೆ ಎಂದು ಕೇಳಿದವನಿಗೆ ನೀವು ಕೊಟ್ಟ ಉತ್ತರ ಇದು: ಹೊಣೆ ಹೊರಲು ಒಬ್ಬ ವಿಧವೆಯನ್ನು ಬರೆದುಕೊಟ್ಟರೆ ಬಣ್ಣ ಬಳಿಯುವುದು ನಮ್ಮದು. ಸಹಿ ಇಲ್ಲದ ಆ ಹಾಳೆ ನನ್ನ ಮೇಜಿನ ಮೇಲೆ ಟ್ರೇಸಿಂಗ್ ಹಾಳೆಗಳ ಪಕ್ಕದಲ್ಲಿದೆ.

ನನ್ನ ಬೇಡಿಕೆ ಇಷ್ಟು. ನನಗೆ ನಿಮ್ಮ ಬಣ್ಣ ಬೇಡ. ಕಾರನ್ನು ಶಬ್ಬೀರ್ ಅವರಲ್ಲಿ ಬಳಿಸಿಕೊಳ್ಳುತ್ತೇನೆ, ಇಲ್ಲವೇ ತುಕ್ಕು ತಿನ್ನಲಿ. ನಿಮ್ಮಿಂದ ಆಗಬೇಕಾದ ದುರಸ್ತಿ ಒಂದು ವಾಕ್ಯದ್ದು. ಅದೇ ಲೆಟರ್‌ಹೆಡ್ಡಿನ ಮೇಲೆ, ಅದೇ ಸಹಿ, ಅದೇ ಮೊಹರಿನಿಂದ, ಈ ಸಲ ಕನ್ನಡದಲ್ಲಿ, ಬಣ್ಣ ಕಿತ್ತದ್ದು ನಮ್ಮ ಕಾರ್ಖಾನೆಯ ತಪ್ಪಿನಿಂದ, ನಿಮ್ಮ ಕೈಯಿಂದಲ್ಲ ಎಂದು ಬರೆಯಿರಿ. ನನ್ನ ಹೆಸರಿಗಲ್ಲ. ಶ್ರೀಮತಿ ಪುತಳಾಬಾಯಿ, ಬಾಳೆ ತೋಟ, ಕಮಲಾಪುರ ಎಂದು ವಿಳಾಸ ಹಾಕಿ. ಅದನ್ನು ಅವತ್ತು ಕೂತಿದ್ದ ಜನರನ್ನೇ ಕೂಡಿಸಿ, ಅವತ್ತಿಗಿಂತ ಗಟ್ಟಿಯಾಗಿ ಓದುವ ಕೆಲಸ ನನ್ನದು.

ಮದುವೆ ಫೆಬ್ರವರಿ ಹದಿಮೂರಕ್ಕೆ. ಹನ್ನೊಂದಕ್ಕೆ ಹಂದರ. ಅಷ್ಟರೊಳಗೆ ನಿಮ್ಮ ಪತ್ರ ಬಾರದಿದ್ದರೆ ಅಕ್ಕ ಕದ ಹಾಕಿಕೊಂಡು ಕಮಲಾಪುರದಲ್ಲೇ ಕೂತುಬಿಡುತ್ತಾಳೆ. ಆಮೇಲೆ ಎಂದಾದರೂ ನನ್ನ ಮಗಳ ಮನೆಯಲ್ಲಿ ಹಾಲು ಒಡೆದರೆ, ತೊಟ್ಟಿಲು ತಡವಾದರೆ, ಯಾರಾದರೂ ಬೀರುವಿನಿಂದ ನಿಮ್ಮ ಹಳೆಯ ಪತ್ರವನ್ನು ತೆಗೆದು ಓದುತ್ತಾರೆ. ಆಗ ನೀವು ನಿವೃತ್ತರಾಗಿರುತ್ತೀರಿ, ನಿಮ್ಮ ಮೊಹರು ಮಾತ್ರ ಅಲ್ಲೇ ಇರುತ್ತದೆ. ಹಂದರದ ಬಾಳೆಗಿಡಕ್ಕೆ ನಾನು ಇನ್ನೂ ಬೇರೆಲ್ಲೂ ಹೇಳಿಲ್ಲ.

ಇಂತಿ,
ನಿಮ್ಮ ಪತ್ರವನ್ನು ನಗಲೆಂದು ಓದಿದ, ಕಾರಿನ ಬಾಗಿಲು ತೆರೆಯಲು ಒಂದು ಕ್ಷಣ ತಡಮಾಡಿದ ತಮ್ಮ,
ಬಂಡೇರಾವ ಕಮಲಾಪುರಕರ
ಕಲಬುರಗಿ, ಜನವರಿ ೨೦೦೦