ಕಂಬಕ್ಕೆ ಬಳಿದ ಎಣ್ಣೆ

ನ. 12, ಬುಧವಾರ

ಚಳ್ಳಕೆರೆಯಿಂದ ಏಳರ ಬಸ್. ಸೀಟು ಸಿಗಲಿಲ್ಲ. ಮೊಳಕಾಲ್ಮುರು ಬರುವಷ್ಟರಲ್ಲಿ ಕಾಲು ಹಿಡಿದುಕೊಂಡಿತ್ತು.

ಜೂಬಿಲಿ ಹಾಲ್‌ನ ತೇಗದ ಕಂಬಗಳಿಂದ ನೀಲಿ ಪೇಂಟ್ ಕೆರೆಸುತ್ತಿದ್ದೇವೆ. ವಿಕ್ಟೋರಿಯಾ ರಾಣಿ ಕಾಲದ ಕಟ್ಟಡ. ಒಳಗನ್ನು ಮೊದಲಿದ್ದಂತೆ ಮಾಡಿಕೊಡುವುದು ನನ್ನ ಕೆಲಸ. ಕಂಬಗಳಲ್ಲಿ ಕಬ್ಬಿಣದ ಕೊಕ್ಕೆಗಳಿವೆ. ನೇಕಾರ ಹೆಂಗಸರು ರೇಷ್ಮೆ ಹಾಸನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಮಗ್ಗಕ್ಕೇರಿಸುವ ಮೊದಲು ಇಲ್ಲಿ ಉದ್ದಕ್ಕೂ ಎಳೆದು ಕಟ್ಟಿ, ಎಳೆ ಬಿಡಿಸುತ್ತಾರೆ. ಅಜ್ಜಿಯಂದಿರ ಕಾಲದಿಂದ. ಗಾಳಿ ಬಡಿಯದ ಅಷ್ಟುದ್ದದ ಜಾಗ ಊರಲ್ಲಿ ಇನ್ನೊಂದಿಲ್ಲ.

ನನ್ನ ರಿಪೋರ್ಟಿನಲ್ಲಿ ಕೊಕ್ಕೆಗಳ ಬಗ್ಗೆ — 'ಲೇಟರ್ ಅಡಿಷನ್, ತೆಗೆಯಬೇಕು.' ಬರೆದಾಗ ಆ ನೇಕಾರರಲ್ಲೊಬ್ಬರಾದ ರಂಗಕ್ಕನನ್ನು ನೋಡಿರಲಿಲ್ಲ. ಈಗ ದಿನಾ ನೋಡುತ್ತೇನೆ. ಇನ್ನೂ ಹೇಳಿಲ್ಲ.

ನ. 17, ಸೋಮವಾರ

ಮುಂದಿನ ಹಾಸು ಯಾವಾಗ ಕಟ್ಟಲಿ ಎಂದು ರಂಗಕ್ಕ ಕೇಳಿದರು. ಮದುವೆ ಸೀರೆಗಳಂತೆ. ರೇಷ್ಮೆ ಸಾಹುಕಾರ ಕೊಟ್ಟೂರಪ್ಪನವರದು, ನೇಯ್ಗೆ ಇವರದು.

"ಗುರುವಾರ ಬನ್ನಿ."

"ಗುರುವಾರನಾ?" ಜೊತೆಯಲ್ಲಿದ್ದ ಯರ್ರಮ್ಮನ ಮುಖ ನೋಡಿದರು. ಇಬ್ಬರೂ ನಕ್ಕರು. "ನೋಡಾಣ ಬಿಡ್ರಿ."

ಯಾಕೆ ನಕ್ಕರು? ಕೇಳಬಹುದಿತ್ತು.

ನ. 18, ಮಂಗಳವಾರ, ಸಂಜೆ

ಕಂಬಗಳಿಗೆ ಅಗಸೆ ಎಣ್ಣೆ ಬಳಿಸಿದೆ. ಮರ ಉಸಿರಾಡಿದಂತೆ ಕಂಡಿತು. ಒಣಗಲು ನಾಳೆ ಇಡೀ ದಿನ ಬೇಕು.

"ಎಣ್ಣೆ ಹಸಿ ಐತೆ ಅಂತ ಬಾಗಿಲಿಗೆ ಒಂದು ಬೋರ್ಡ್ ಹಾಕ್ಲಾ ಮೇಡಂ?" — ಕಾಂಟ್ರಾಕ್ಟರ್ ಮಲ್ಲಿಕ್.

ರಂಗಕ್ಕನವರು ಬರುವುದು ನಾಡಿದ್ದು, ಬೇಡ ಅಂದೆ.

ನ. 19, ಬುಧವಾರ

ಬಾಗಿಲು ತೆರೆದಿತ್ತು. ಹಾಸು ಕಟ್ಟಿಯಾಗಿತ್ತು. ಕುಂಕುಮದ ಬಣ್ಣ. ಕಂಬ ತಾಗಿದಲ್ಲೆಲ್ಲ ಕಪ್ಪಗೆ ಎಣ್ಣೆ ಹೀರಿಕೊಂಡಿತ್ತು.

ರಂಗಕ್ಕ ಎಳೆಯೊಂದನ್ನು ಬೆರಳಲ್ಲಿ ಹಿಡಿದು ಮೂಸಿದರು. "ಪೋಯಿಂದಿ" ಎಂದರು, ತೆಲುಗಿನಲ್ಲಿ, ತಮಗೆ ತಾವೇ. ಹೋಯಿತು.

"ಗುರುವಾರ ಅಂದಿದ್ದೆನಲ್ಲ..."

"ನಾಳೆ ಅಮಾಸೆ ಕಣ್ರಿ. ಅಮಾಸೆ ದಿನ ಯಾರು ಹಾಸು ಕಟ್ತಾರೆ? ಅದಕ್ಕೇ ಒಂದಿನ ಮುಂಚೆ ಬಂದ್ವಿ."

"ಮೇಡಮ್ಮರ ಮನ್ಯಾಗೆ ಕ್ಯಾಲೆಂಡರ್ ಇಲ್ಲೇನೋ" ಎಂದರು ಯರ್ರಮ್ಮ.

ಮೊದಲೇ ಹೇಳಬಹುದಿತ್ತಲ್ಲ — ಅನ್ನಲು ಹೋಗಿ ನುಂಗಿಕೊಂಡೆ. ಬೋರ್ಡ್ ಬೇಡ ಅಂದವಳು ನಾನು.

ಮಲ್ಲಿಕ್ ಪಕ್ಕಕ್ಕೆ ಕರೆದ. "ಒಳ್ಳೇದೇ ಆಯ್ತು ಬಿಡ್ರಿ. ಇನ್ನು ಇವ್ರು ತಾವಾಗೇ ಬರೋದು ಬಿಡ್ತಾರೆ. ಕೊಕ್ಕೆ ಕೀಳಿಸಿಬಿಡ್ಲಾ?"

ಮುಟ್ಟಬೇಡ ಎಂದೆ.

ನ. 21, ಶುಕ್ರವಾರ

ಎರಡು ರಾತ್ರಿ ಸರಿಯಾಗಿ ನಿದ್ದೆಯಿಲ್ಲ. ಕೊಟ್ಟೂರಪ್ಪನವರ ಮನೆಗೆ ರಂಗಕ್ಕನ ಜೊತೆ ಹೋದೆ. ರಂಗಕ್ಕ ಹೊಸಿಲಾಚೆಯೇ ನಿಂತರು. ನನಗೆ ಕುರ್ಚಿ.

"ಏನವ್ವ ರಂಗಕ್ಕ, ರೇಷ್ಮೇನ ಬಾಣ್ಲಿಗೆ ಹಾಕಿ ಕರಿದ್ಯೇನು?"

ತಪ್ಪು ನನ್ನದು ಎಂದೆ. ಎಣ್ಣೆ, ಬೋರ್ಡು, ಎಲ್ಲವನ್ನೂ ಹೇಳಿದೆ. ಹೇಳುತ್ತಾ ಮನಸ್ಸು ಹಗುರಾಯಿತು. ಆ ಹಗುರವನ್ನೇ ಅನುಮಾನಿಸಬೇಕಿತ್ತು.

ಕೊಟ್ಟೂರಪ್ಪನವರು ಮೀಸೆ ತೀಡಿದರು. "ಹಂಗಾದ್ರೆ ಇವಳದ್ದೇನೂ ತಪ್ಪಿಲ್ಲ. ಬೇರೆ ರೇಷ್ಮೆ ಕೊಡ್ತೀನಿ. ಆದ್ರೆ ಆ ಹಾಲ್‌ನಾಗೆ ನನ್ನ ರೇಷ್ಮೆ ಇನ್ನು ಕಾಲಿಡಂಗಿಲ್ಲ. ಯಾರ ಕೈಯಾಗಿದ್ರೂ ಅಷ್ಟೇ."

ಊರಿನ ಮುಕ್ಕಾಲು ಮಗ್ಗ ಅವರ ರೇಷ್ಮೆಯ ಮೇಲೆ ನಡೆಯುತ್ತದೆ.

ಬೀದಿಗೆ ಬಂದ ಮೇಲೆ ರಂಗಕ್ಕ ನಿಧಾನಕ್ಕೆ ಹೇಳಿದರು: "ನೀವು ಸುಮ್ನಿದ್ದಿದ್ರೆ ನಾನೊಬ್ಳೇ ಬೈಸ್ಕೊಳ್ತಿದ್ದೆ."

ನ. 26, ಬುಧವಾರ

ಇನ್‌ಸ್ಪೆಕ್ಷನ್. ಕೊಕ್ಕೆಗಳನ್ನು ಉಳಿಸಬೇಕು ಎಂದು ವಾದಿಸಲು ಸಿದ್ಧಳಾಗಿ ಹೋಗಿದ್ದೆ. ಇಲಾಖೆಯ ಸಾಹೇಬರು ತಕ್ಷಣ ಒಪ್ಪಿದರು.

"ಇರ್ಲಿ ಮೇಡಂ, ಫೋಟೋಗೂ ಚೆನ್ನಾಗಿದೆ. ಪಕ್ಕದಲ್ಲೊಂದು ಫಲಕ ಹಾಕ್ಸಿ. ಇಲ್ಲಿ ನೇಕಾರರು ಹಾಸು ಕಟ್ಟುತ್ತಿದ್ದರು ಅಂತ."

ಕಟ್ಟುತ್ತಿದ್ದರು.

ನ. 28, ಶುಕ್ರವಾರ

ಬೆಳಿಗ್ಗೆ ಬಸ್ ಇಳಿದಾಗ ಬೀದಿಯಲ್ಲೇ ಹಾಸು. ಗಾಳಿಗೆ ಎಳೆಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತಿದ್ದವು. ಅಡಿಕೆ ಚೀಲದ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಸಂದಿಯಲ್ಲಿ ನಿಂತಿತ್ತು. ರಂಗಕ್ಕ ಡ್ರೈವರನನ್ನು ಬೈಯುತ್ತಲೇ ತುದಿಯ ಕೋಲನ್ನು ನನ್ನ ಕೈಗಿಟ್ಟರು.

"ಎಳೆದು ಹಿಡ್ಕಳ್ರಿ. ಸಡ್ಲ ಬಿಡಬ್ಯಾಡ್ರಿ."

ಹಿಡಿದೆ. ಅಷ್ಟು ಸಣ್ಣ ಎಳೆಗಳಿಗೆ ಅಷ್ಟು ಬಲವಿರುತ್ತದೆಂದು ಗೊತ್ತಿರಲಿಲ್ಲ.

ಮಧ್ಯಾಹ್ನ, ಹಾಲಿನಲ್ಲಿ

ತಣ್ಣಗಿದೆ. ಗಾಳಿ ಇಲ್ಲ. ಎಣ್ಣೆ ಪೂರ್ತಿ ಒಣಗಿದೆ; ಬಿಳಿ ಕರ್ಚೀಫ್ ಒತ್ತಿ ನೋಡಿದೆ, ಕಲೆ ಇಲ್ಲ. ಇದನ್ನೇ ಕೊಟ್ಟೂರಪ್ಪನವರಿಗೆ ತೋರಿಸಬಹುದೇ? ನಕ್ಕಾರು. ನಕ್ಕರೆ ನಗಲಿ. ಇವತ್ತೇ ಹೋಗಿ, ಅವರನ್ನು ಇಲ್ಲಿಗೇ ಕರೆತಂದು, ಅವರ ಕೈಯಿಂದಲೇ ಕಂಬ ಮುಟ್ಟಿಸಿ —

ಯರ್ರಮ್ಮ ಕೂಗುತ್ತಿದ್ದಾರೆ. ಬೀದಿಯಲ್ಲಿ ಗಾಳಿ ಜೋರಾಗಿದೆ, ಇನ್ನೊಂದು ಕೈ ಬೇಕಂತೆ —